ಭೋಪಾಲದಲ್ಲಿ ನೀರು ಬಿಟ್ಟವನು ಯಾರು ಎಂದು ಕೇಳುವವರಿಗೆ

ರಾಸಾಯನಿಕ ಕಾರ್ಖಾನೆಗಳ ಸುರಕ್ಷತೆಯ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಒಂದು ಕೈ ಮೇಲೇಳುತ್ತದೆ. "ಸರ್, ಭೋಪಾಲದಲ್ಲಿ ಟ್ಯಾಂಕಿಗೆ ನೀರು ಬಿಟ್ಟವನು ಯಾರು? ಯಾರೋ ಕೆಲಸಗಾರ ಸಿಟ್ಟಿನಲ್ಲಿ ಬೇಕಂತಲೇ ಬಿಟ್ಟನಂತಲ್ಲ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದೇ ನನ್ನ ಉತ್ತರ.

ನೇರ ಉತ್ತರ ಎರಡು ಸಾಲಿನದು. ವಿಷಾನಿಲ ಸೋರಿ ಸಾವಿರಾರು ಜನ ಸತ್ತ ಡಿಸೆಂಬರ್ 2, 1984ರ ರಾತ್ರಿ, ಪೈಪು ತೊಳೆಯುವಾಗ ನೀರು ಹಿಮ್ಮುಖವಾಗಿ ಹರಿದು ವಿಷದ್ರವವಿದ್ದ ಇ-610 ಟ್ಯಾಂಕು ಸೇರಿತು ಎನ್ನುವುದು ಒಂದು ವಾದ. ಅಷ್ಟು ದೂರದಿಂದ ಅಷ್ಟು ನೀರು ಬರುವುದು ಅಸಾಧ್ಯ, ಟ್ಯಾಂಕಿನ ಪ್ರೆಶರ್ ಗೇಜ್ ಬಿಚ್ಚಿ ಯಾರೋ ಹೋಸ್ ಪೈಪು ಜೋಡಿಸಿದ್ದಾರೆ ಎನ್ನುವುದು ಕಾರ್ಖಾನೆಯ ಮಾತೃ ಕಂಪನಿ, ಅಮೆರಿಕದ ಯೂನಿಯನ್ ಕಾರ್ಬೈಡ್ ವಾದ. ಆ ಯಾರೋ ಒಬ್ಬನನ್ನು ಕಂಪನಿ ಯಾವ ನ್ಯಾಯಾಲಯದ ಮುಂದೆಯೂ ನಿಲ್ಲಿಸಿಲ್ಲ.

ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಹೆಸರು. ನನಗೆ ಸಿಟ್ಟು ಬರುವುದೇ ಇದಕ್ಕೆ. ನೀರು ಬಿಟ್ಟ ಕೈ ಸಿಕ್ಕಿಬಿಟ್ಟರೆ ಉಳಿದವರೆಲ್ಲ ಪಾರು ಎಂಬ ಲೆಕ್ಕ ಆ ಪ್ರಶ್ನೆಯೊಳಗೇ ಇದೆ. ಕಾರ್ಖಾನೆ ಎಂದ ಮೇಲೆ ಎಲ್ಲಾದರೂ ನೀರು ನುಗ್ಗುತ್ತದೆ, ವಾಲ್ವು ಸೋರುತ್ತದೆ, ಮನುಷ್ಯ ತಪ್ಪು ಮಾಡುತ್ತಾನೆ, ಒಬ್ಬೊಬ್ಬ ದ್ರೋಹವನ್ನೂ ಮಾಡಬಹುದು. ಇದನ್ನೆಲ್ಲ ಎಣಿಸಿಕೊಂಡೇ ಎಂಜಿನಿಯರುಗಳು ಒಂದರ ಹಿಂದೆ ಒಂದು ತಡೆ ಕಟ್ಟಿರುತ್ತಾರೆ. ಆ ರಾತ್ರಿ ಒಂದೂ ಕೆಲಸಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕೆ ದಾಖಲೆಯಿದೆ.

ತಂಪು ಯಂತ್ರದಿಂದ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಎಲ್ಲರೂ "ಹಲವು ಲೋಪಗಳಲ್ಲಿ ಒಂದು" ಎಂದು ದಾಟಿಬಿಡುತ್ತಾರೆ. ಟ್ಯಾಂಕಿನಲ್ಲಿದ್ದದ್ದು ಸುಮಾರು 41 ಟನ್ ಮೀಥೈಲ್ ಐಸೊಸಯನೇಟ್, ಅಂದರೆ ಎಂಐಸಿ. ಇದು 39 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಭೋಪಾಲದ ಬೇಸಿಗೆಯ ಮಧ್ಯಾಹ್ನವೇ ಅದನ್ನು ದಾಟುತ್ತದೆ. ನೀರು ಸೇರಿದರೆ ಬಿಸಿಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಿಸಿ ಹೆಚ್ಚಿದಷ್ಟೂ ಕ್ರಿಯೆ ಓಡುತ್ತದೆ, ಕ್ರಿಯೆ ಓಡಿದಷ್ಟೂ ಬಿಸಿ ಹೆಚ್ಚುತ್ತದೆ. ಅದಕ್ಕೇ ಈ ದ್ರವವನ್ನು 0 ಡಿಗ್ರಿಯ ಆಸುಪಾಸಿನಲ್ಲಿಡಲು ಶೀತಕ ಘಟಕ ಇತ್ತು. ಅಷ್ಟು ತಣ್ಣಗಿದ್ದಾಗ ನೀರು ಬಿದ್ದರೂ ಕ್ರಿಯೆ ನಿಧಾನವಾಗಿ ಏಳುತ್ತದೆ. ತಾಪ 11 ಡಿಗ್ರಿ ಮುಟ್ಟಿದಾಗ ಅಲಾರಂ ಹೊಡೆಯಬೇಕು. ಆಮೇಲೂ ಕೈಯಲ್ಲಿ ಸಮಯ ಇರುತ್ತದೆ: ಅನಿಲ ತೊಳೆಯುವ ಸ್ಕ್ರಬ್ಬರ್ ಚಾಲೂ ಮಾಡಬಹುದು, ದ್ರವವನ್ನು ಪಕ್ಕದ ಟ್ಯಾಂಕಿಗೆ ಹರಿಸಬಹುದು.

1984ರ ಜೂನ್‌ನಲ್ಲಿ ಈ ಘಟಕವನ್ನು ನಿಲ್ಲಿಸಿದರು. ಒಳಗಿನ ಫ್ರಿಯಾನ್, ಅಂದರೆ ತಂಪು ಮಾಡುವ ವಸ್ತು, ತೆಗೆದು ಕಾರ್ಖಾನೆಯ ಬೇರೆ ಕಡೆ ಬಳಸಿಕೊಂಡರು. ಹೀಗಾಗಿ ಬೇಕೆನಿಸಿದಾಗ ಸ್ವಿಚ್ ಒತ್ತಿ ಚಾಲೂ ಮಾಡುವ ದಾರಿಯೂ ಹೋಯಿತು. ದ್ರವ 15ರಿಂದ 20 ಡಿಗ್ರಿಯಲ್ಲೇ ಇರತೊಡಗಿತು. 11 ಡಿಗ್ರಿಗೆ ಹೊಡೆಯುವ ಅಲಾರಂ ಆಗ ಹಗಲೂ ರಾತ್ರಿ ಹೊಡೆಯುತ್ತಲೇ ಇರಬೇಕು, ಆದ್ದರಿಂದ ಅದೂ ಪ್ರಯೋಜನಕ್ಕಿಲ್ಲವಾಯಿತು. ಒಂದು ಉಳಿತಾಯಕ್ಕೆ ಎರಡು ತಡೆ ಬಿದ್ದವು. ವಿದ್ಯುತ್ತಿನ ಮತ್ತು ಫ್ರಿಯಾನ್‌ನ ಬಾಬ್ತು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಕಳೆದುಹೋದ ಸಮಯ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಾಸ್ಟಿಕ್ ಸೋಡಾದಿಂದ ಅನಿಲ ತೊಳೆಯುವ ಸ್ಕ್ರಬ್ಬರ್ ಸ್ಟ್ಯಾಂಡ್‌ಬೈನಲ್ಲಿತ್ತು. ಓಡುತ್ತಿದ್ದರೂ ಆ ರಭಸ ಅದರ ಅಳತೆಗೆ ಮೀರಿದ್ದು. ಅನಿಲ ಸುಡುವ ಫ್ಲೇರ್ ಟವರಿಗೆ ಹೋಗುವ ಪೈಪಿನ ತುಕ್ಕು ಹಿಡಿದ ತುಂಡನ್ನು ಬಿಚ್ಚಿದ್ದರು, ಹೊಸದು ಹಾಕಿರಲಿಲ್ಲ. ಅನಿಲ ತಡೆಯಲು ಹಾರಿಸುವ ನೀರಿನ ಜೆಟ್ 15 ಮೀಟರ್ ಮುಟ್ಟಿದರೆ ಹೆಚ್ಚು. ಅನಿಲ ಹೊರಬಿದ್ದದ್ದು 30 ಮೀಟರಿಗೂ ಎತ್ತರದಲ್ಲಿ.

ಪೈಪು ತೊಳೆದ ವಾದವನ್ನೇ ಹಿಡಿದು ನೋಡಿ. ರಾಸಾಯನಿಕದ ಲೈನಿಗೆ ನೀರು ಬಿಡುವ ಮೊದಲು ವಾಲ್ವು ಮುಚ್ಚಿದರೆ ಸಾಲದು, ಎಂಥ ವಾಲ್ವಾದರೂ ಒಂದು ದಿನ ಸೋರುತ್ತದೆ. ಎರಡು ಪೈಪು ಕೂಡುವ ಫ್ಲೇಂಜಿನ ಬೋಲ್ಟು ಸಡಿಲಿಸಿ, ಎರಡರ ನಡುವೆ ಹಿಡಿಯಿರುವ ಗುಂಡನೆಯ ಉಕ್ಕಿನ ತಟ್ಟೆ ತೂರಿಸಿ, ಎರಡೂ ಬದಿಗೆ ಗ್ಯಾಸ್ಕೆಟ್ ಇಟ್ಟು, ಎದುರುಬದುರು ಬೋಲ್ಟು ಬಿಗಿಯಬೇಕು. ಇದೇ ಬ್ಲೈಂಡ್. ಹಿಡಿ ಹೊರಗೆ ಚಾಚಿಕೊಂಡಿರುತ್ತದೆ, ದೂರದಿಂದ ನೋಡಿದವನಿಗೂ ಲೈನು ಕಟ್ಟಿದೆ ಎಂದು ಗೊತ್ತಾಗಲಿ ಅಂತ. ಆಮೇಲೆ ನೀರು ಬಿಟ್ಟು, ಬಿಟ್ಟಷ್ಟೂ ಬ್ಲೀಡರ್‌ಗಳಿಂದ, ಅಂದರೆ ನೀರು ಹೊರಬಿಡುವ ಕಿಂಡಿಗಳಿಂದ, ಹೊರಬರುತ್ತಿದೆಯೇ ನೋಡಬೇಕು. ಬರದಿದ್ದರೆ ನೀರು ಬೇರೆಲ್ಲೋ ಹೋಗುತ್ತಿದೆ ಎಂದೇ ಅರ್ಥ, ತಕ್ಷಣ ನಿಲ್ಲಿಸಬೇಕು. ಇಬ್ಬರು ಫಿಟ್ಟರ್‌ಗಳ ಸ್ವಲ್ಪ ಹೊತ್ತಿನ ಕೆಲಸ ಇದು. ಆ ರಾತ್ರಿ ಬ್ಲೈಂಡ್ ಹಾಕಿರಲಿಲ್ಲ. ಹಾಕಿಸಬೇಕಾದದ್ದು ಮೇಂಟೆನೆನ್ಸ್ ಸೂಪರ್‌ವೈಸರ್. ಆ ಶಿಫ್ಟಿನ ಆ ಹುದ್ದೆಯನ್ನೇ ಕೆಲವು ದಿನಗಳ ಹಿಂದೆ ತೆಗೆದಿದ್ದರು. ಎಂಐಸಿ ಘಟಕದ ಆಪರೇಟರ್‌ಗಳನ್ನೂ ಶಿಫ್ಟಿಗೆ 12ರಿಂದ 6ಕ್ಕೆ ಇಳಿಸಿದ್ದರು.

ಕಂಟ್ರೋಲ್ ರೂಮಿನಲ್ಲಿದ್ದವರನ್ನು ಬೈಯುವುದು ಸುಲಭ. ರಾತ್ರಿ 10:20ಕ್ಕೆ ಟ್ಯಾಂಕಿನ ಒತ್ತಡ 2 ಪಿಎಸ್‌ಐ (ಚದರ ಇಂಚಿಗೆ ಪೌಂಡು), 11ರ ಹೊತ್ತಿಗೆ 10. ನಡುವೆ ಶಿಫ್ಟು ಬದಲಾಯಿತು. 2ರಿಂದ 25ರವರೆಗೆ ಮಾಮೂಲು ಎಂದು ಎಲ್ಲರೂ ತಿಳಿದಿದ್ದ ಕಡೆ 10 ಕಂಡರೆ ಯಾರಿಗೆ ಅನುಮಾನ ಬರುತ್ತದೆ? ಅಕ್ಟೋಬರಿನಿಂದಲೇ ಆ ಟ್ಯಾಂಕಿನಲ್ಲಿ ದ್ರವದ ಮೇಲೆ ತುಂಬುವ ನೈಟ್ರೋಜನ್ ಅನಿಲದ ಒತ್ತಡ ನಿಲ್ಲುತ್ತಿರಲಿಲ್ಲ. ಯಾರೋ ಕೊನೆಗೆ ಒತ್ತಡ ಏರಿಸಿದ್ದಾರೆ ಎಂದುಕೊಳ್ಳುವುದೂ ಸಹಜ. ನಡುರಾತ್ರಿ ಕಳೆದ ಮೇಲೆ ಮುಳ್ಳು ಗೇಜಿನ ತುದಿ ಮುಟ್ಟಿತು. ಎರಡು ಗಂಟೆಯೊಳಗೆ ಟನ್‌ಗಟ್ಟಲೆ ಅನಿಲ ಊರಿನ ಮೇಲೆ ಇಳಿಯಿತು. ಮಧ್ಯಪ್ರದೇಶ ಸರ್ಕಾರ ಖಚಿತಪಡಿಸಿದ ಲೆಕ್ಕದಲ್ಲೇ ಸತ್ತವರು 3,787. ನೊಂದವರು 5 ಲಕ್ಷಕ್ಕೂ ಮೇಲೆ.

ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ತಂಪು ನಿಲ್ಲಿಸಲು ಒಪ್ಪಿದವರು ಯಾರು, ಯಾವ ಲೆಕ್ಕ ನೋಡಿ ಒಪ್ಪಿದರು?

"ಕಾರ್ಖಾನೆ ನಷ್ಟದಲ್ಲಿತ್ತು, ಖರ್ಚು ಇಳಿಸಲೇಬೇಕಿತ್ತಲ್ಲ" ಎಂದು ಮ್ಯಾನೇಜ್‌ಮೆಂಟ್ ಓದಿದವರು ಹೇಳುತ್ತಾರೆ. ಇಳಿಸಲಿ, ಯಾರು ಬೇಡ ಎಂದರು? ಆದರೆ ಕ್ರಮ ಒಂದಿದೆ. ಮೊದಲು ಸರಕು ಮುಗಿಸಬೇಕು, ಆಮೇಲೆ ಯಂತ್ರ ನಿಲ್ಲಿಸಬೇಕು. ಎಂಐಸಿ ಇದ್ದದ್ದು ಸೆವಿನ್ ಕೀಟನಾಶಕ ತಯಾರಿಸಲಿಕ್ಕೆ. ಇದ್ದಷ್ಟನ್ನು ಸೆವಿನ್ ಆಗಿಸಿ, ಟ್ಯಾಂಕು ಬರಿದು ಮಾಡಿ, ತೊಳೆದು, ಒಣಗಿಸಿ, ಆಮೇಲೆ ಶೀತಕ ಬಂದ್ ಮಾಡಿದ್ದರೆ ನನ್ನದೊಂದೂ ತಕರಾರು ಇರುತ್ತಿರಲಿಲ್ಲ. ಇಲ್ಲಿ ಆದದ್ದು ತಿರುಗುಮುರುಗು. ಶೀತಕ ನಿಂತದ್ದು ಜೂನ್‌ನಲ್ಲಿ. ಅದಾದ ಮೇಲೂ ಎಂಐಸಿ ತಯಾರಿಸಿ ಅಕ್ಟೋಬರ್ 22ಕ್ಕೆ ನಿಲ್ಲಿಸಿದರು. ಆ ಸರಕು ತಂಪಿಲ್ಲದ ಟ್ಯಾಂಕಿನಲ್ಲಿ ಆರು ವಾರ ಕೂತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಟ್ಯಾಂಕಿನ ಗಾತ್ರದ್ದೇ ಪ್ರಶ್ನೆ. ಇಷ್ಟು ದೊಡ್ಡ ದಾಸ್ತಾನು ಬೇಡ, ಚಿಕ್ಕ ಪಾತ್ರೆಗಳಲ್ಲಿ ಸ್ವಲ್ಪವೇ ಇಟ್ಟುಕೊಳ್ಳೋಣ ಎಂದು ಭಾರತದ ಕಡೆಯವರು ಹೇಳಿದ್ದರು, ಅಮೆರಿಕದ ಕಚೇರಿ ಒಪ್ಪಲಿಲ್ಲ ಎಂದು ಇಲ್ಲಿನ ಕಂಪನಿಯಲ್ಲಿ ಹಿರಿಯ ಸ್ಥಾನದಲ್ಲಿದ್ದ ಎಡ್ವರ್ಡ್ ಮುನೋಜ್ 1985ರಲ್ಲಿ ಪ್ರಮಾಣಪತ್ರ ಕೊಟ್ಟಿದ್ದಾರೆ. 1982ರ ಮೇನಲ್ಲಿ ಅಮೆರಿಕದಿಂದ ಬಂದ ಕಂಪನಿಯದೇ ತಜ್ಞರು ತಪಾಸಣೆ ಮಾಡಿ ಅಪಾಯಗಳ ಪಟ್ಟಿ ಬರೆದುಕೊಟ್ಟಿದ್ದರು. ಅದೇ ವರ್ಷ ಭೋಪಾಲದ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಊರಿಗೆ ಕಾದಿರುವ ಗಂಡಾಂತರವನ್ನು ಅಚ್ಚಿನಲ್ಲಿ ಬರೆದರು. ಗೊತ್ತಿರಲಿಲ್ಲ ಎನ್ನಲು ದಾರಿಯಿಲ್ಲ. ಆ ಸ್ಥಿತಿಯಲ್ಲಿ ಕಾರ್ಖಾನೆ ನಡೆಯಲೇಬಾರದಿತ್ತು ಎಂದು 1985ರ ಮಾರ್ಚ್‌ನಲ್ಲಿ ಹೇಳಿದವರು ಕಂಪನಿಯ ಅಧ್ಯಕ್ಷ ವಾರೆನ್ ಆಂಡರ್ಸನ್ನರೇ.

ಹಳೆಯ ಕತೆ ಎನ್ನುವವರು ವಿಶಾಖಪಟ್ಟಣವನ್ನು ನೆನೆಸಿಕೊಳ್ಳಿ. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್‌ನ ಸ್ಟೈರೀನ್ (ಪ್ಲಾಸ್ಟಿಕ್ ತಯಾರಿಸುವ ದ್ರವ) ಟ್ಯಾಂಕು ಬಿಸಿಯೇರಿ ಅನಿಲ ಬಿಟ್ಟಿತು, 12 ಜನ ಸತ್ತರು. ಅಲ್ಲೂ ತಂಪು ಯಂತ್ರ ರಾತ್ರಿ ಓಡುತ್ತಿರಲಿಲ್ಲ. ತಾಪ ಅಳೆಯುವ ಸೆನ್ಸರ್ ಟ್ಯಾಂಕಿನ ತಳದಲ್ಲಿ ಮಾತ್ರ ಇತ್ತು. ಮೇಲಿನ ದ್ರವ ಕಾದದ್ದು ಅದಕ್ಕೆ ಕಾಣಲಿಲ್ಲ.

ನೀವು ಕಾರ್ಖಾನೆಯಲ್ಲಿ ಕೆಲಸ ಮಾಡುವವರಾದರೆ ನಾಳೆ ಬೈಪಾಸ್ ರಿಜಿಸ್ಟರ್, ಅಂದರೆ ಬಂದ್ ಮಾಡಿಟ್ಟ ಸುರಕ್ಷತಾ ಸಾಧನಗಳ ಪುಸ್ತಕ, ತರಿಸಿ ನೋಡಿ. ಯಾವ ಅಲಾರಂ, ಯಾವ ಪಂಪು, ಅಪಾಯ ಕಂಡರೆ ಯಂತ್ರವನ್ನು ತಾನಾಗಿ ನಿಲ್ಲಿಸುವ ಯಾವ ಇಂಟರ್‌ಲಾಕ್ ಬಂದ್ ಇದೆ, ಯಾವತ್ತಿನಿಂದ, ಅದರ ಬದಲಿಗೆ ಏನು ವ್ಯವಸ್ಥೆ, ಯಾವತ್ತಿಗೆ ವಾಪಸು ಚಾಲೂ, ಸಹಿ ಯಾರದು. ಸಹಿಯ ಜಾಗದಲ್ಲಿ ಹಣಕಾಸು ವಿಭಾಗದವರ ಹೆಸರೊಂದೇ ಇದ್ದರೆ, ಅಥವಾ ವಾಪಸಿನ ತಾರೀಕು ಖಾಲಿ ಇದ್ದರೆ, ಅವತ್ತೇ ಲಿಖಿತವಾಗಿ ಕೇಳಿ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು 41ಎಚ್ ಕಲಮು ಸೇರಿಸಿದ್ದು ಭೋಪಾಲದ ದುರಂತ ಆದ ಮೇಲೆಯೇ. ಅಪಾಯ ಹತ್ತಿರವಿದೆ ಎಂದು ಕಂಡರೆ ಆಡಳಿತಕ್ಕೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ಅದು ಕೆಲಸಗಾರನಿಗೆ ಕೊಟ್ಟಿತು. ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.