ಗುರುತಿಲ್ಲದವರ ಮನೆಯಲ್ಲಿ ಮಲಗೋಕೆ ಭಯ ಆಗಲ್ವಾ?

ಅಮೆರಿಕದ ರಾಕಿ ಪರ್ವತಗಳ ಕಡೆ ನಾನೂ ನನ್ನ ಹೆಂಡತಿಯೂ ಬಾಡಿಗೆ ಕಾರಿನಲ್ಲಿ ಎರಡು ವಾರ ಸುತ್ತಿದೆವು. ಕೊಲರಾಡೊದಲ್ಲಿ ಶುರುಮಾಡಿ, ವಯೋಮಿಂಗ್ ದಾಟಿ, ಮೊಂಟಾನಾದ ಉತ್ತರದ ತುದಿಯವರೆಗೆ. ನಾಲ್ಕು ನ್ಯಾಷನಲ್ ಪಾರ್ಕು. ಜಾಸ್ತಿ ರಾತ್ರಿ ಮಲಗಿದ್ದು ಊರಿನವರ ಮನೆಗಳಲ್ಲಿ. ಫೋಟೊ ತೋರಿಸಲು ಕೂತರೆ ಕರಡಿಯ ಬಗ್ಗೆ ಯಾರೂ ಕೇಳುವುದಿಲ್ಲ. "ಮುಖಾನೇ ನೋಡದವರ ಮನೆಗೆ ಹೋಗಿ ಮಲಗ್ತೀರಲ್ಲ, ಭಯ ಆಗಲ್ವಾ?" ಅಂತಲೇ ಕೇಳುತ್ತಾರೆ.

ಆಗುತ್ತೆ. ಆದರೆ ಒಂದು ಯೋಚನೆ ಮಾಡಿ. ನಾವು ಒಂದು ರಾತ್ರಿ ಇದ್ದು ಹೊರಡುವವರು. ಅವರು ನಮ್ಮ ಕೈಗೆ ಬೀಗದ ಕೈ ಕೊಟ್ಟು ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ. ಭಯ ಯಾರಿಗೆ ಜಾಸ್ತಿ ಇರಬೇಕು?

ಮನೆ ಹುಡುಕಿದ್ದು ಕೌಚ್‌ಸರ್ಫಿಂಗ್‌ನಲ್ಲಿ, ಅಂದರೆ ಪ್ರವಾಸಿಗರಿಗೆ ತಮ್ಮ ಮನೆಯಲ್ಲಿ ಮಲಗಲು ಜಾಗ ಕೊಡುವವರು ಸಿಗುವ ವೆಬ್‌ಸೈಟಿನಲ್ಲಿ. 2004ರಲ್ಲಿ ಶುರುವಾದದ್ದು. ಮಲಗಲು ಜಾಗ ಕೊಟ್ಟವರಿಗೆ ದುಡ್ಡು ಕೊಡುವಂತಿಲ್ಲ. 2020ರಿಂದ ಸದಸ್ಯರಾಗಲು ಮಾತ್ರ ಚೂರು ಚಂದಾ ಇದೆ. ಉಳಿದು ಹೋದವರು ಬರೆದದ್ದನ್ನು ನಾನು ಪೂರ್ತಿ ಓದುತ್ತೇನೆ, ಅದರಲ್ಲೂ ಒಬ್ಬಳೇ ಬಂದು ಉಳಿದ ಹೆಂಗಸರು ಬರೆದದ್ದನ್ನು. ನನ್ನ ಹೆಂಡತಿಗೆ ಸರಿ ಅನ್ನಿಸಲಿಲ್ಲ ಅಂದರೆ ಆ ಮನೆ ಬೇಡ, ಕಾರಣ ಕೇಳುವ ಹಾಗಿಲ್ಲ. ಡಿಕ್ಕಿಯಲ್ಲಿ ಟೆಂಟ್ ಇತ್ತು. ಬಾಗಿಲವರೆಗೆ ಹೋಗಿಯೂ ವಾಪಸ್ ಬರಬಹುದು ಅನ್ನೋ ಧೈರ್ಯ ಅದರಿಂದ.

ಪಾರ್ಕಿನ ಒಳಗೆ ಇಂಥ ಮನೆಗಳು ಸಿಗುವುದಿಲ್ಲ. ಗೇಟಿನ ಹೊರಗಿರುವ ಪುಟ್ಟ ಊರುಗಳಲ್ಲೇ ಹುಡುಕಬೇಕು. ಮೊದಲನೆಯದು ರಾಕಿ ಮೌಂಟನ್ ಪಾರ್ಕಿನ ಪಕ್ಕದ ಎಸ್ಟೆಸ್ ಪಾರ್ಕ್. ಆ ಮನೆಯ ಅಜ್ಜಿ ಮೊದಲು ಕೇಳಿದ್ದು, ನಾಳೆ ಎಷ್ಟು ಗಂಟೆಗೆ ಹೊರಡುತ್ತೀರಿ ಅಂತ. ಹತ್ತಕ್ಕೆ ಅಂದೆವು. ತಲೆ ಅಲ್ಲಾಡಿಸಿದರು. ಟ್ರೇಲ್ ರಿಡ್ಜ್ ರಸ್ತೆ 12,183 ಅಡಿ ಎತ್ತರಕ್ಕೆ ಹೋಗುತ್ತದೆ. ಅಲ್ಲಿ ಮರವೇ ಇಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಆದರೆ ಗುಡುಗು ಸಿಡಿಲು. ಬಯಲಲ್ಲಿ ನಿಂತಿರುವ ಎತ್ತರದ ವಸ್ತು ನೀವೇ ಆಗಿರುತ್ತೀರಿ ಅಂದರು. ಆರಕ್ಕೆ ಹೊರಟೆವು. ಒಂದೂವರೆಗೆ ಊರಿಗೆ ಇಳಿಯುವಾಗ ಹಿಂದೆ ಆಕಾಶ ಕಪ್ಪಾಗಿತ್ತು.

ಗ್ರ್ಯಾಂಡ್ ಟೀಟನ್ ಪಾರ್ಕಿನ ಪಕ್ಕದ ಜ್ಯಾಕ್ಸನ್‌ನಲ್ಲಿ ಒಂಬತ್ತು ಜನರಿಗೆ ಬರೆದೆ. ಒಬ್ಬರೂ ಒಪ್ಪಲಿಲ್ಲ. ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗೊತ್ತಾಯಿತು, ಅಲ್ಲಿ ಬಾಡಿಗೆ ಎಷ್ಟು ಅಂದರೆ ಸೀಸನ್ನಿಗೆ ಕೆಲಸಕ್ಕೆ ಬಂದ ಹುಡುಗರು ಕಾರಿನಲ್ಲೇ ಮಲಗುತ್ತಾರಂತೆ. ನಮಗೆಲ್ಲಿಂದ ಸೋಫಾ ಕೊಡುತ್ತಾರೆ? ಎರಡು ರಾತ್ರಿ ಟೆಂಟು.

ಯೆಲ್ಲೊಸ್ಟೋನ್ ಪಾರ್ಕಿನ ಉತ್ತರದ ಬಾಗಿಲಲ್ಲಿರುವ ಊರು ಗಾರ್ಡಿನರ್. ಅಲ್ಲಿ ರಾಫ್ಟಿಂಗ್ ಗೈಡ್ ಒಬ್ಬರ ಮನೆ. ಏಳಕ್ಕೆ ಬರುತ್ತೇವೆ ಅಂದಿದ್ದೆವು. ದಾರಿಯಲ್ಲಿ, ಪಾರ್ಕಿನ ಒಳಗಿನ ಹೇಡನ್ ಕಣಿವೆಯಲ್ಲಿ ಬೈಸನ್ ಹಿಂಡು, ಅಂದರೆ ಅಲ್ಲಿನ ಕಾಡೆಮ್ಮೆಗಳ ಹಿಂಡು, ರಸ್ತೆಗೆ ಇಳಿಯಿತು. ಒಂದು ನಮ್ಮ ಕಾರಿನ ಕನ್ನಡಿಗೆ ಮೈ ತಾಗಿಸುವಷ್ಟು ಹತ್ತಿರ ಬಂತು. ಉಸಿರು ಬಿಟ್ಟಾಗ ಗಾಜಿನ ಮೇಲೆ ಆವಿ ಮೂಡಿತು. ಹೊರಗೆ ಇಳಿದರೆ ಬೈಸನ್‌ನಿಂದ 25 ಗಜ, ಕರಡಿ ಮತ್ತು ತೋಳದಿಂದ 100 ಗಜ ದೂರ ಇರಬೇಕು ಅಂತ ನಿಯಮ. ಬೈಸನ್ನಿಗೆ ನಿಯಮ ಗೊತ್ತಿಲ್ಲ, ಅಲ್ವಾ? ಫೋನಿಗೆ ಸಿಗ್ನಲ್ ಇಲ್ಲ. ಒಂಬತ್ತಕ್ಕೆ ತಲುಪಿ ಕ್ಷಮೆ ಕೇಳಲು ಬಾಯಿ ತೆರೆದರೆ, "ಬೈಸನ್ನಾ?" ಅಂತ ಅವರೇ ಕೇಳಿ, ಸೂಪಿನ ಪಾತ್ರೆ ಮತ್ತೆ ಒಲೆಯ ಮೇಲಿಟ್ಟರು.

ಊಟದ ಹೊತ್ತಿಗೆ 2022ರ ಜೂನ್ ಪ್ರವಾಹದ ಮಾತು ಬಂತು. ನದಿ ಪಾರ್ಕಿನ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಸೀಸನ್ ಮಧ್ಯೆ ಊರು ಖಾಲಿ, ಕೆಲಸ ಇಲ್ಲ. ಕೊನೆಗೆ 1880ರ ದಶಕದ ಹಳೇ ಕುದುರೆಗಾಡಿ ದಾರಿಯನ್ನು ಅಗಲ ಮಾಡಿ, ಡಾಂಬರು ಹಾಕಿ ಅಕ್ಟೋಬರಿಗೆ ತೆರೆದರು. ನಾವು ಆ ಸಂಜೆ ಇಳಿದು ಬಂದದ್ದೂ ಅದೇ ದಾರಿ. ಕತ್ತಲಲ್ಲಿ "ಏನು ತಿರುವಪ್ಪಾ" ಅಂತ ಗೊಣಗಿದ್ದೆ.

ದುಡ್ಡು ಉಳಿಯಿತಾ ಅಂತಲೂ ಕೇಳುತ್ತಾರೆ. ಉಳಿಯಿತು, ಚೆನ್ನಾಗಿಯೇ. ಆದರೆ ಹೋಟೆಲಿನಲ್ಲಿ ಸುಮ್ನೆ ಬಿದ್ದುಕೊಳ್ಳುವ ಹಾಗೆ ಇಲ್ಲಿ ಆಗುವುದಿಲ್ಲ. ಎಷ್ಟೇ ಸುಸ್ತಾಗಿರಲಿ, ಕೂತು ಮಾತಾಡಬೇಕು. ಪಾತ್ರೆ ತೊಳೆಯಬೇಕು. ಬೆಳಗ್ಗೆ ಹಾಸಿಗೆ ಮಡಚಿಡಬೇಕು. ಒಂದು ರಾತ್ರಿ ನಾಯಿ ನಮ್ಮ ಕಾಲ ಮೇಲೆಯೇ ಮಲಗಿತು. ಅದರ ಸೋಫಾ ಅದು, ನಾವು ಏನು ಹೇಳೋಕಾಗುತ್ತೆ? ಮಾತೇ ಬೇಡ ಅನ್ನಿಸುವ ದಿನ ಇದ್ದರೆ ದಯವಿಟ್ಟು ಹೋಟೆಲಿಗೆ ಹೋಗಿ. ಪುಕ್ಕಟೆ ರೂಮು ಅಂತ ಬರುವವರ ಮೇಲೆ ಈ ಜನಕ್ಕೆ ಬೇಸರ, ನನಗೂ.

ಗಾರ್ಡಿನರ್‌ನಿಂದ ಹೊರಡುವಾಗ ಆ ಗೈಡ್ ಬಾಗಿಲ ಪಕ್ಕದ ಶೆಲ್ಫಿನಿಂದ ಕರಡಿ ಸ್ಪ್ರೇ ಡಬ್ಬಿ ಒಂದನ್ನು ತೆಗೆದು ಕೊಟ್ಟರು, ಕರಡಿ ಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ. ಅಲ್ಲಿ ಐದಾರು ಇದ್ದವು. ಇದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಅದಕ್ಕೆ ಬಂದವರೆಲ್ಲ ಬಿಟ್ಟು ಹೋಗುತ್ತಾರೆ. ಎಕ್ಸ್‌ಪೈರಿ ತಾರೀಕು ನೋಡಿ ಆರಿಸಿ, ನನ್ನ ಬೆಲ್ಟಿಗೆ ಅವರೇ ಸಿಕ್ಕಿಸಿದರು. ಬ್ಯಾಗಿನೊಳಗೆ ಇಟ್ಟರೆ ಇದ್ದೂ ಇಲ್ಲದ ಹಾಗೆ. "ವಾಪಸ್ ಬೇಡ, ಮುಂದಿನ ಮನೆಯಲ್ಲಿ ಕೊಡಿ" ಅಂದರು.

ಇಡೀ ದಿನ ಡ್ರೈವ್ ಮಾಡಿ ಗ್ಲೇಸಿಯರ್ ಪಾರ್ಕಿನ ಹತ್ತಿರದ ವೈಟ್‌ಫಿಶ್ ಸೇರಿದೆವು. ನಾಲ್ಕು ದಿನ ಡಬ್ಬಿ ನನ್ನ ಸೊಂಟದಲ್ಲೇ ಇತ್ತು, ಒಮ್ಮೆಯೂ ಬಳಸಲಿಲ್ಲ. ಕೊನೆಯ ಬೆಳಗ್ಗೆ ಅಲ್ಲಿನ ಮನೆಯಾಕೆಗೆ ಕೊಟ್ಟೆ. ತಾರೀಕು ನೋಡಿ, ಬೂಟುಗಳ ಮೇಲಿನ ಹಲಗೆಯಲ್ಲಿ ಇಟ್ಟರು. ಅಲ್ಲಿ ಆಗಲೇ ಮೂರು ಇದ್ದವು.