ರೇಸ್ ಕುದುರೆಯಲ್ಲಿ ಒಂದು ಸಣ್ಣ ಪಾಲು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನಗೆ ಒಂದು ರೇಸ್ ಕುದುರೆಯಲ್ಲಿ ಪಾಲಿದೆ ಎಂದು ಗೊತ್ತಾದಾಗ ಬಂಧುಗಳೂ ಸ್ನೇಹಿತರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ತಿಂಗಳ ಸಂಬಳದಲ್ಲಿ ಬದುಕುವವರಿಗೆ ರೇಸ್ ಕುದುರೆ ಹೇಗೆ ಸಾಧ್ಯ? ಸಾಧ್ಯವಾದರೂ ಅದರಿಂದ ಸಿಗುವುದೇನು?” ಬೆಂಗಳೂರಿನಿಂದ ಕೇಳುವವರ ದನಿಯಲ್ಲಿ ಸ್ವಲ್ಪ ಆತಂಕವೂ ಬೆರೆತಿರುತ್ತದೆ. ರೇಸಿಗೆ ಹೋಗಿ ಮನೆಮಠ ಕಳೆದುಕೊಂಡವರ ಕತೆಗಳನ್ನು ಕೇಳುತ್ತಲೇ ಬೆಳೆದವರು ನಾವು. ಆ ಆತಂಕ ನನಗೆ ಅರ್ಥವಾಗುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಬಾಜಿ ಕಟ್ಟುವುದು ಬೇರೆ, ಕುದುರೆಯಲ್ಲಿ ಪಾಲು ಹೊಂದುವುದು ಬೇರೆ. ನಾನು ಬಾಜಿ ಕಟ್ಟುವುದಿಲ್ಲ, ನಮ್ಮ ಕುದುರೆ ಓಡುವ ದಿನವೂ ಕಟ್ಟುವುದಿಲ್ಲ.

ಹಣದ ಲೆಕ್ಕ ಸರಳವಾದದ್ದು. ಬ್ರಿಟನ್ನಿನಲ್ಲಿ ಒಂದು ಕುದುರೆಯನ್ನು ತರಬೇತಿಯಲ್ಲಿ ಇಡಲು ವರ್ಷಕ್ಕೆ 20,000 ಪೌಂಡಿಗೂ ಹೆಚ್ಚು ಖರ್ಚಾಗುತ್ತದೆ. ಮೇವು, ಲಾಯದ ಬಾಡಿಗೆ, ನೋಡಿಕೊಳ್ಳುವವರ ಸಂಬಳ, ಲಾಳ, ಪಶುವೈದ್ಯರು, ಪಂದ್ಯದ ಪ್ರವೇಶಶುಲ್ಕ, ಪಂದ್ಯದ ಮೈದಾನಕ್ಕೆ ಸಾಗಿಸುವ ವೆಚ್ಚ ಎಲ್ಲವನ್ನೂ ಒಬ್ಬರೇ ಹೊರುವುದು ಶ್ರೀಮಂತರಿಗೆ ಮಾತ್ರ ಆಗುವ ಕೆಲಸ. ಅದನ್ನೇ ಇಪ್ಪತ್ತು, ಮೂವತ್ತು ಮಂದಿ ಸೇರಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು, ಇಲ್ಲಿ ಅನೇಕ ಕುಟುಂಬಗಳು ವಾರಾಂತ್ಯದ ಹೊರಗಿನ ಊಟಕ್ಕೆ ತಿಂಗಳಿಗೆ ಮಾಡುವಷ್ಟು ಖರ್ಚು. ಹೀಗೆ ಪಾಲು ಕೂಡಿಸಿ ನಡೆಸುವ ಗುಂಪನ್ನು ಇಲ್ಲಿ ಸಿಂಡಿಕೇಟ್ ಎನ್ನುತ್ತಾರೆ. ಆ ಹಣ ಹಿಂದಿರುಗುತ್ತದೆ ಎಂದು ಮಾತ್ರ ಯಾರೂ ಲೆಕ್ಕ ಹಾಕಬಾರದು. ಕುದುರೆ ಗೆದ್ದರೂ ಬಹುಮಾನದಲ್ಲಿ ಒಂದು ಭಾಗ ತರಬೇತುದಾರರಿಗೆ, ಜಾಕಿಗೆ (ಪಂದ್ಯದಲ್ಲಿ ಸವಾರಿ ಮಾಡುವವರಿಗೆ), ಲಾಯದ ಸಿಬ್ಬಂದಿಗೆ ಹೋಗುತ್ತದೆ. ಉಳಿದದ್ದು ಹಲವರ ನಡುವೆ ಹಂಚಿಹೋಗುತ್ತದೆ. ಸಂಗೀತ ಕಛೇರಿಗೆ ಟಿಕೆಟ್ ಕೊಂಡವರು ಆ ದುಡ್ಡನ್ನು ಹೂಡಿಕೆ ಎಂದು ಕರೆಯುವುದಿಲ್ಲ, ಇದನ್ನೂ ಹಾಗೆ ಕರೆಯಬೇಕಾಗಿಲ್ಲ.

ಹಾಗಾದರೆ ಸಿಗುವುದೇನು? ನನ್ನ ಮಟ್ಟಿಗೆ ಉತ್ತರ ಪಂದ್ಯದ ದಿನಕ್ಕಿಂತ ಹೆಚ್ಚಾಗಿ ಲಾಯದ ಬೆಳಗಿನಲ್ಲಿದೆ.

ನಮ್ಮ ಕುದುರೆ ಇರುವುದು ಬರ್ಕ್‌ಷೈರ್‌ನ ಲ್ಯಾಂಬೋರ್ನ್ ಎಂಬ ಹಳ್ಳಿಯಲ್ಲಿ. ಸುತ್ತ ಸುಣ್ಣದ ಮಣ್ಣಿನ ಹುಲ್ಲುಗುಡ್ಡಗಳು. ನೀರು ಬೇಗ ಬಸಿದುಹೋಗುವ ಆ ನೆಲ ಕುದುರೆಗಳ ಕಾಲಿಗೆ ಹಿತವಾದದ್ದು ಎಂಬ ಕಾರಣಕ್ಕೇ ತಲೆಮಾರುಗಳಿಂದ ಅಲ್ಲಿ ಲಾಯಗಳು ಬೆಳೆದಿವೆ. ಬೆಳಗಿನ ಹೊತ್ತು ಕುದುರೆಗಳ ಸಾಲು ರಸ್ತೆ ದಾಟುವಾಗ ಕಾರುಗಳು ಎಂಜಿನ್ ಸದ್ದನ್ನೂ ತಗ್ಗಿಸಿಕೊಂಡು ನಿಲ್ಲುತ್ತವೆ. ಗುಡ್ಡದ ಮೇಲೆ ನಿಂತರೆ ಮೊದಲು ಕಿವಿಗೆ ಬೀಳುವುದು ಗೊರಸಿನ ಸದ್ದಲ್ಲ, ಉಸಿರಿನ ಸದ್ದು. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಆ ಲಯ ಹತ್ತಿರವಾಗುತ್ತ ಬಂದು, ನಮ್ಮನ್ನು ದಾಟಿ, ಮೇಲಕ್ಕೆ ಹೋಗುವಾಗ ಪಕ್ಕದಲ್ಲಿ ನಿಂತ ಪಾಲುದಾರರು ಯಾರೂ ಮಾತಾಡುವುದಿಲ್ಲ.

ಅದಕ್ಕೂ ಮೊದಲು ಲಾಯದೊಳಗೆ ನಡೆಯುವ ಒಂದು ಕೆಲಸವನ್ನು ನೋಡುವುದು ನನಗೆ ಬಹಳ ಇಷ್ಟ. ಕುದುರೆಯನ್ನು ನೋಡಿಕೊಳ್ಳುವ ಹುಡುಗಿ ಕೈಗವಸು ತೆಗೆದು, ಮಂಡಿಯೂರಿ, ಮುಂಗಾಲಿನ ಮೊಣಕಾಲಿನಿಂದ ಕೆಳಕ್ಕೆ ಬರಿಗೈಯಲ್ಲಿ ಸವರುತ್ತಾಳೆ. ಅಲ್ಲಿ ಚರ್ಮದ ಕೆಳಗೇ ದಪ್ಪ ಹಗ್ಗದಂತೆ ಇಳಿಯುವ ಸ್ನಾಯುರಜ್ಜು ಇದೆ. ಎಲ್ಲಾದರೂ ತುಸು ಬಿಸಿ ತಗುಲಿದರೆ, ತುಸು ಊತ ಕಂಡರೆ, ಆ ದಿನ ಓಟವಿಲ್ಲ, ಪಶುವೈದ್ಯರಿಗೆ ಕರೆ ಹೋಗುತ್ತದೆ. ಐನೂರು ಕಿಲೋ ತೂಕದ ಪ್ರಾಣಿಯ ಭವಿಷ್ಯ ಅಷ್ಟು ತೆಳುವಾದ ಜಾಗದಲ್ಲಿ ನಿಂತಿದೆ ಎಂಬುದನ್ನು ಆ ಹುಡುಗಿಯ ಬೆರಳುಗಳಿಂದ ನಾನು ಕಲಿತೆ. ಟಿವಿಯಲ್ಲಿ ಪಂದ್ಯ ನೋಡುವವರಿಗೆ ಈ ತಿಳಿವಳಿಕೆ ಸಿಗುವುದು ಕಷ್ಟ.

ಪಾಲುಗಾರಿಕೆಯ ಸಂತೋಷವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಲು ನಾನು ಎಲ್ಲರಿಗೂ ಹೇಳುವುದು ಡ್ರೀಮ್ ಅಲೈಯನ್ಸ್ ಎಂಬ ಕುದುರೆಯ ನಿಜಕತೆ. ಸೌತ್ ವೇಲ್ಸ್‌ನ ಹಳೆಯ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ, ಕೆವ್ನ್ ಫೋರೆಸ್ಟ್ ಎಂಬ ಊರಿನಲ್ಲಿ, ಜ್ಯಾನ್ ವೋಕ್ಸ್ ಎಂಬ ಮಹಿಳೆ ಸೂಪರ್‌ಮಾರ್ಕೆಟ್‌ನಲ್ಲಿ ಕಸ ಗುಡಿಸುತ್ತ, ಕಾರ್ಮಿಕರ ಕ್ಲಬ್ಬಿನಲ್ಲಿ ಬಾರ್ ನೋಡಿಕೊಳ್ಳುತ್ತ ಬದುಕುತ್ತಿದ್ದರು. ಅವರೂ ಗಂಡ ಬ್ರಯನ್ನರೂ 350 ಪೌಂಡಿಗೆ ಒಂದು ಹೆಣ್ಣು ಕುದುರೆಯನ್ನು ಕೊಂಡರು. 2001ರಲ್ಲಿ ಅದಕ್ಕೆ ಹುಟ್ಟಿದ ಮರಿಯೇ ಡ್ರೀಮ್ ಅಲೈಯನ್ಸ್; ಅದನ್ನು ಊರಿನ ಬಾಡಿಗೆ ತೋಟದ ತುಂಡಿನಲ್ಲೇ ಬೆಳೆಸಿದರು. ಅದನ್ನು ತರಬೇತಿಗೆ ಕಳಿಸಲು ಹಣವಿರಲಿಲ್ಲ. ಊರವರೇ ಸೇರಿ 23 ಮಂದಿಯ ಸಿಂಡಿಕೇಟ್ ಕಟ್ಟಿದರು, ತಲೆಗೆ ವಾರಕ್ಕೆ 10 ಪೌಂಡ್. ತರಬೇತಿಗೆ ಫಿಲಿಪ್ ಹಾಬ್ಸ್ ಒಪ್ಪಿಕೊಂಡರು.

2008ರಲ್ಲಿ ಲಿವರ್‌ಪೂಲ್ ಬಳಿಯ ಏಂಟ್ರಿ ಎಂಬ ರೇಸ್ ಮೈದಾನದಲ್ಲಿ ಓಡುವಾಗ ಆ ಕುದುರೆಯ ಸ್ನಾಯುರಜ್ಜು ಹರಿಯಿತು. ಇಂಥ ಗಾಯವಾದ ಕುದುರೆಯನ್ನು ಅನೇಕ ಸಲ ಅಲ್ಲೇ ಕೊನೆಗಾಣಿಸುತ್ತಾರೆ. ಆದರೆ ಅದು ಅದುವರೆಗೆ ಗೆದ್ದು ತಂದಿದ್ದ ಹಣವನ್ನು ಅದರ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಗೇ ಬಳಸಲು ಪಾಲುದಾರರು ನಿರ್ಧರಿಸಿದರು. ದೊಡ್ಡ ಸಂಬಳವಿಲ್ಲದ ಅಷ್ಟೊಂದು ಮಂದಿ ತಮಗೆ ಬರಬಹುದಾಗಿದ್ದ ದುಡ್ಡನ್ನು ಕುದುರೆಯ ಕಾಲಿಗೆ ಬಿಟ್ಟುಕೊಟ್ಟ ಈ ಘಟ್ಟ ನನಗೆ ಅದರ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. 2009ರ ಡಿಸೆಂಬರ್ 28ರಂದು, ಚೆಪ್‌ಸ್ಟೋ ಮೈದಾನದಲ್ಲಿ, ಮೂರೂವರೆ ಮೈಲಿಗೂ ಉದ್ದದ ವೆಲ್ಷ್ ನ್ಯಾಷನಲ್ ಪಂದ್ಯವನ್ನು ಅದೇ ಕುದುರೆ ಗೆದ್ದಿತು. ಬೆನ್ನ ಮೇಲಿದ್ದವರು ಟಾಮ್ ಓ’ಬ್ರಯನ್. ಅದು ನಿವೃತ್ತಿಯಾದಾಗ ಖರ್ಚೆಲ್ಲ ಕಳೆದು ಒಬ್ಬೊಬ್ಬ ಪಾಲುದಾರರ ಕೈಗೆ ಬಂದದ್ದು 1,430 ಪೌಂಡ್. ಅಷ್ಟು ದೊಡ್ಡ ಗೆಲುವಿನಿಂದಲೂ ಯಾರೂ ಶ್ರೀಮಂತರಾಗಲಿಲ್ಲ.

ಪಂದ್ಯದ ದಿನದ ಬಗ್ಗೆಯೂ ಒಂದು ಮಾತು ಹೇಳಬೇಕು. ಮಾಲೀಕರ ಬ್ಯಾಡ್ಜ್ ಧರಿಸಿ ಪಂದ್ಯಕ್ಕೆ ಮುನ್ನ ಕುದುರೆಗಳನ್ನು ನಡೆಸಾಡಿಸುವ ಪ್ಯಾಡಕ್‌ನ ಹುಲ್ಲಿನ ಮೇಲೆ ನಿಂತಾಗ, ಜಾಕಿ ಬಂದು ಟೋಪಿಗೆ ಕೈ ಮುಟ್ಟಿಸಿ ವಂದಿಸುವಾಗ, ಪಾಲು ಎಷ್ಟು ಶೇಕಡ ಎಂದು ಯಾರೂ ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ನಿವೃತ್ತ ನರ್ಸ್ ಇದ್ದಾರೆ, ಲಾರಿ ಚಾಲಕರಿದ್ದಾರೆ, ಶಾಲಾ ಶಿಕ್ಷಕಿ ಇದ್ದಾರೆ. ವಲಸೆ ಬಂದವರಿಗೆ ಇಲ್ಲಿಯವರೊಡನೆ ಹವಾಮಾನದ ಮಾತು ದಾಟಿ ಆತ್ಮೀಯವಾಗಿ ಬೆರೆಯಲು ವರ್ಷಗಳೇ ಹಿಡಿಯುತ್ತವೆ. ಕುದುರೆಗೆ ಕೆಮ್ಮು ಬಂತು, ನೆಲ ಗಟ್ಟಿಯಾಯಿತು, ಓಟ ಮುಂದಕ್ಕೆ ಹೋಯಿತು ಎಂಬ ಚಿಂತೆಗಳು ನಮ್ಮೆಲ್ಲರವೂ ಆದ್ದರಿಂದ ಆ ದೂರ ನನಗೆ ಬೇಗ ಕಡಿಮೆಯಾಯಿತು. ನಮ್ಮ ಕುದುರೆ ನಾಲ್ಕನೆಯದಾಗಿ ಬಂದ ದಿನವೂ ನಾವು ಅದರ ಬೆವೆತ ಕುತ್ತಿಗೆಯನ್ನು ತಟ್ಟಲು ಸಾಲುಗಟ್ಟಿ ಓಡುತ್ತೇವೆ.

ಸೇರಬೇಕೆನ್ನುವವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಸಿಂಡಿಕೇಟಿನಲ್ಲಿ ಕುದುರೆಯ ಒಂದು ಪಾಲು ನಿಮ್ಮದಾಗುತ್ತದೆ. ರೇಸಿಂಗ್ ಕ್ಲಬ್ಬಿನಲ್ಲಿ ವಾರ್ಷಿಕ ಚಂದಾ ಕೊಟ್ಟು ಸದಸ್ಯರಾಗುತ್ತೀರಿ, ಕುದುರೆಯ ಒಡೆತನ ನಿಮಗೆ ಬರುವುದಿಲ್ಲ. ಕ್ಲಬ್ಬಿನದು ಕೀಳು ಎಂದು ತಿಳಿಯಬೇಡಿ: ಎಲೀಟ್ ರೇಸಿಂಗ್ ಕ್ಲಬ್ಬಿನ ಮಾರ್ಷಾ ಎಂಬ ಹೆಣ್ಣು ಕುದುರೆ 2017ರಲ್ಲಿ ಯಾರ್ಕ್‌ನ ನನ್‌ಥಾರ್ಪ್ ಪಂದ್ಯವನ್ನು ಮೂಗಿನ ಅಂತರದಲ್ಲಿ ಗೆದ್ದಿತ್ತು, ಅದೇ ವರ್ಷದ ಕೊನೆಗೆ 60 ಲಕ್ಷ ಗಿನಿಗಳಿಗೆ (ಗಿನಿ ಎಂದರೆ ಪೌಂಡಿಗಿಂತ ತುಸು ಹೆಚ್ಚಿನ ಹಳೆಯ ಲೆಕ್ಕ) ಹರಾಜಾಯಿತು. ಯಾವುದೇ ಇರಲಿ, ಸಹಿ ಹಾಕುವ ಮುನ್ನ ಕರಾರನ್ನು ಪೂರ್ತಿ ಓದಿ. ಪಶುವೈದ್ಯರ ಬಿಲ್ಲು ತಿಂಗಳ ಹಣದಲ್ಲಿ ಸೇರಿದೆಯೋ ಇಲ್ಲವೋ, ನಡುವೆ ಬಿಡಬೇಕಾದರೆ ಹೇಗೆ, ಕುದುರೆಯನ್ನು ಮಾರುವ ತೀರ್ಮಾನ ಯಾರದು ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಓಟ ನಿಂತ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಈ ಪ್ರಶ್ನೆಗೆ ನೇರ ಉತ್ತರ ಕೊಡದವರಿಗೆ ನಾನಂತೂ ಹಣ ಕೊಡುವುದಿಲ್ಲ. ಅದರ ಬೆನ್ನ ಮೇಲೆ ನಾವು ಕಂಡ ಸಂತೋಷಕ್ಕೆ ಪ್ರತಿಯಾಗಿ ಅದರ ಮುಂದಿನ ಬದುಕಿನ ಹೊಣೆ ನಮ್ಮ ಪಾಲಿನ ಭಾಗವೇ ಆಗಿರಬೇಕು.

ಇನ್ನೂ ಮನಸ್ಸು ಗಟ್ಟಿಯಾಗದವರು ಲಂಡನ್ ಸುತ್ತಮುತ್ತ ಇದ್ದರೆ, ಗುಡ್ ಫ್ರೈಡೇ ದಿನ ಲ್ಯಾಂಬೋರ್ನ್‌ಗೆ ಬನ್ನಿ. ಅಂದು ಅಲ್ಲಿನ ಅನೇಕ ಲಾಯಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಮಕ್ಕಳನ್ನೂ ಕರೆತನ್ನಿ, ಕುದುರೆಗಳನ್ನು ಹತ್ತಿರದಿಂದ ನೋಡಿ, ನೋಡಿಕೊಳ್ಳುವವರೊಡನೆ ಮಾತಾಡಿ. ಪಾಲಿನ ವಿಚಾರವನ್ನು ಮನೆಗೆ ಹೋದ ಮೇಲೆ, ಖರ್ಚಿನ ಪಟ್ಟಿಯನ್ನು ಮುಂದಿಟ್ಟುಕೊಂಡು, ಮನೆಯವರೆಲ್ಲ ಕೂತು ನಿರ್ಧರಿಸಿ.