ತೇಲೋದಕ್ಕೂ ತಯಾರಿ ಬೇಕು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವ ಕೆಲಸ ನನ್ನದು. ಸೀಸನ್ ಬಂದರೆ ಬೆಳಗಿನಿಂದ ಹರಾಜಿನ ಕೂಗು, ಲಾರಿ ಹಾರ್ನ್, 15 ಕೆಜಿ ಬಾಕ್ಸ್‌ಗಳನ್ನು ಎತ್ತಿ ಹಾಕುವ ಸದ್ದು. ರಾತ್ರಿ ಮಲಗಿದರೂ ಕಿವಿಯೊಳಗೆ ಯಾರೋ ರೇಟು ಕೂಗುತ್ತಲೇ ಇರುತ್ತಾರೆ. ಬೆಂಗಳೂರಿನಲ್ಲಿ ಫ್ಲೋಟೇಶನ್ ಟ್ಯಾಂಕ್ ಅಂತ ಒಂದಿದೆ, ಕತ್ತಲಲ್ಲಿ, ಸದ್ದೇ ಇಲ್ಲದೆ, ಉಪ್ಪು ನೀರಿನ ಮೇಲೆ ಒಂದು ಗಂಟೆ ತೇಲುತ್ತಾ ಮಲಗಬಹುದು ಅಂತ ಗೆಳತಿ ಹೇಳಿದಳು. ಆಗಲೇ ಬುಕ್ ಮಾಡಿಬಿಟ್ಟೆ.

ಹಿಂದೆಯೇ ಫೋನಿಗೆ ಸೂಚನೆಗಳು ಬಂದವು. ವ್ಯಾಕ್ಸಿಂಗ್, ಶೇವಿಂಗ್ ಮಾಡಿಕೊಂಡು ಬರಬೇಡಿ, ಉಪ್ಪು ನೀರು ಉರಿಯುತ್ತದೆ. ತಲೆಗೆ ಹೊಸದಾಗಿ ಬಣ್ಣ ಹಾಕಿಸಿದ್ದರೆ ಇನ್ನೊಂದು ದಿನ ಬನ್ನಿ. ಕೆಲವು ಗಂಟೆ ಮೊದಲೇ ಕಾಫಿ ನಿಲ್ಲಿಸಿ. ಹೊಟ್ಟೆ ಬಿರಿಯ ತಿನ್ನಬೇಡಿ, ಹಸಿದೂ ಬರಬೇಡಿ. ಸುಮ್ನೆ ಮಲಗೋಕೆ ಇಷ್ಟೊಂದು ನಿಯಮವಾ?

ಮನೆಯಲ್ಲಿ ಮೊದಲ ತಕರಾರು ಎಣ್ಣೆಯದು. ತಲೆಗೆ ಹರಳೆಣ್ಣೆ ಹಾಕಿಕೊಂಡು ಹೋಗು, ತಂಪಾಗುತ್ತೆ ಅಂತ ಅಮ್ಮ ಬಟ್ಟಲು ಹಿಡಿದು ನಿಂತಳು. ಎಣ್ಣೆ ಹಾಕಿದರೆ ನೀರು ಕೆಡುತ್ತೆ, ಮೈಗೆ ಕ್ರೀಮ್ ಕೂಡ ಹಚ್ಚಬಾರದಂತೆ ಅಂದೆ. ಅವಳ ಕಿವಿಗೆ ಬಿದ್ದದ್ದು ಬೇರೆಯೇ.

"ಅಂದ್ರೆ ಒಬ್ಬರು ಎದ್ದು ಹೋದ ಮೇಲೆ ನೀರು ಚೆಲ್ಲಲ್ವಾ?"

ಚೆಲ್ಲಲ್ಲ. ಪ್ರತಿಯೊಬ್ಬರ ನಂತರ ಅದೇ ನೀರನ್ನು ಫಿಲ್ಟರ್ ಮಾಡುತ್ತಾರೆ. ಅಷ್ಟು ಉಪ್ಪಿರುವ ನೀರಿನಲ್ಲಿ ರೋಗಾಣು ಬೆಳೆಯುವುದೂ ಕಷ್ಟ. ಅಮ್ಮನಿಗೆ ಸಮಾಧಾನವಾಗಲಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ ಊರಲ್ಲಿ ನೀರು ಚೆಲ್ಲದಿದ್ದರೆ ಖುಷಿ ಪಡಬೇಕು, ಅಲ್ವಾ? ಮಡಿಯ ಮುಂದೆ ಆ ಲೆಕ್ಕ ನಡೆಯಲ್ಲ.

ತಮ್ಮನ ಆಸಕ್ತಿ ಉಪ್ಪಿನ ಮೇಲೆ. ಅದು ಅಡುಗೆ ಉಪ್ಪಲ್ಲ, ಎಪ್ಸಮ್ ಉಪ್ಪು, ಮೆಗ್ನೀಷಿಯಂ ಸಲ್ಫೇಟ್ ಅಂದೆ. ಅವನು ನಕ್ಕುಬಿಟ್ಟ. ಟೊಮೆಟೊ ಎಲೆಯ ನರ ಹಸಿರಾಗೇ ಉಳಿದು ನಡುವೆ ಹಳದಿಯಾದರೆ ಅವನು ನೀರಿಗೆ ಬೆರೆಸಿ ಹೊಡೆಯುವುದು ಅದನ್ನೇ. ಚೀಲ ನಮ್ಮ ಶೆಡ್ಡಲ್ಲೇ ಇದೆ! ಒಂದು ಟ್ಯಾಂಕಿಗೆ 400–500 ಕೆಜಿ ಹಾಕುತ್ತಾರೆ ಅಂದಾಗ ಮಾತ್ರ ನಗು ನಿಂತಿತು. "ಅಷ್ಟು ಬಿದ್ದರೆ ತೋಟ ಸುಟ್ಟುಹೋಗುತ್ತೆ, ನೀನು ಹೋಗಿ ಮಲಗ್ತೀಯಾ?" ಗಿಡ ಬೇರಿನಿಂದ ಕುಡಿಯುತ್ತೆ, ನಾನು ಬರೀ ಮೇಲೆ ತೇಲ್ತೀನಿ ಅಂತ ಬಾಯಿ ಮುಚ್ಚಿಸಿದೆ.

ಅವನ ತೋಟದಲ್ಲೇ ಆ ವಾರ ಗಿಡಕ್ಕೆ ಕಟ್ಟುವ ತಂತಿ ತಾಗಿ ನನ್ನ ಮೊಣಕೈ ಕೆಳಗೆ ಗೀರಾಗಿತ್ತು. ಫೋನ್ ಮಾಡಿ ಕೇಳಿದೆ. ಸಣ್ಣ ಗೀರಾದರೆ ವ್ಯಾಸಲೀನ್ ಹಚ್ಚಿ, ಹಸಿ ಗಾಯವಾದರೆ ಬೇಡ ಅಂದರು. ನನ್ನದು ಆಗಲೇ ಒಣಗಿತ್ತು.

ಭಾನುವಾರ ಎರಡು ಇಡ್ಲಿ ತಿಂದು ಬಸ್ ಹತ್ತಿದೆ. ಕಾಫಿ ಇಲ್ಲದೆ ನರಸಾಪುರ ದಾಟುವಷ್ಟರಲ್ಲಿ ತಲೆ ಭಾರ. ನಿದ್ದೆಯೂ ಬರದೆ ಇದರ ಕಥೆ ಓದುತ್ತಾ ಕೂತೆ. 1954ರಲ್ಲಿ ಅಮೆರಿಕದಲ್ಲಿ ಜಾನ್ ಲಿಲ್ಲಿ ಎಂಬ ವೈದ್ಯ ವಿಜ್ಞಾನಿ ಇದನ್ನು ಶುರು ಮಾಡಿದ್ದು. ಹೊರಗಿನಿಂದ ಬೆಳಕು, ಸದ್ದು ಏನೂ ಬರದಿದ್ದರೆ ಮೆದುಳು ನಿದ್ದೆಗೆ ಜಾರುತ್ತಾ ಎಂಬುದು ಪ್ರಶ್ನೆ. ಆಗ ಮುಖಕ್ಕೆ ಉಸಿರಾಟದ ಮಾಸ್ಕ್ ಹಾಕಿಕೊಂಡು ತಲೆ ಸಮೇತ ಮುಳುಗಿರಬೇಕಿತ್ತು. ಮೆದುಳು ಎಚ್ಚರವಾಗೇ ಇರುತ್ತೆ ಅಂತ ಅವರಿಗೆ ತಿಳಿಯಿತು. ಉಪ್ಪು ನೀರಲ್ಲಿ ಹಾಯಾಗಿ ತೇಲುವ ಏರ್ಪಾಡು ಆಮೇಲಿನದು. ಅವರ ಪುಣ್ಯ, ನನ್ನ ಪುಣ್ಯ.

ಅಲ್ಲಿ ಹೋದ ಮೇಲೆ ಮತ್ತೆ ತಯಾರಿ. ಓಲೆ, ಬಳೆ ತೆಗೆದು, ಸೋಪು ಹಚ್ಚಿ ಸ್ನಾನ ಮಾಡಿ, ಮೈ ಒರೆಸಿಕೊಂಡು, ಕಿವಿಗೆ ಮೇಣದಂಥ ಪ್ಲಗ್ ಒತ್ತಿಕೊಂಡೆ. ಒದ್ದೆ ಕಿವಿಗೆ ಅದು ಅಂಟಲ್ಲ. ಒಳಗೆ ಹೋದ ಮೇಲೆ ಮುಖ ಮುಟ್ಟಬೇಡಿ, ಕಣ್ಣಿಗೆ ಉಪ್ಪು ಬಿದ್ದರೆ ಈ ಬಾಟಲಿಯ ಸಿಹಿನೀರು ಚಿಮುಕಿಸಿಕೊಳ್ಳಿ ಅಂದರು. ಬಾಗಿಲಿಗೆ ಬೀಗವಿಲ್ಲ, ದೀಪದ ಸ್ವಿಚ್ ಕೈಗೆ ಸಿಗುತ್ತದೆ. ಹೆದರಿದ್ದ ನನಗೆ ಇದು ದೊಡ್ಡ ಧೈರ್ಯ.

ನೀರು ಒಂದಡಿ ಆಳವೂ ಇಲ್ಲ. ಬಿಸಿ 34–35 ಡಿಗ್ರಿ, ಮೈಚರ್ಮದಷ್ಟೇ. ಚಿಕ್ಕವಳಿದ್ದಾಗ ಬಾವಿಯಲ್ಲಿ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ಅಭ್ಯಾಸಬಲದಿಂದ ಕತ್ತು ಬಿಗಿ ಹಿಡಿದೇ ಮಲಗಿದೆ. ತಲೆಯ ಭಾರವನ್ನೂ ನೀರಿಗೇ ಬಿಡಬೇಕು ಅನ್ನುವುದನ್ನು ಯಾವ ಸೂಚನೆಯಲ್ಲೂ ಬರೆದಿರಲಿಲ್ಲ. ಬಿಟ್ಟ ಮೇಲೂ ಮಂಡಿಯ ರೇಟು ತುಂಬಾ ಹೊತ್ತು ಕೇಳಿಸಿತು. ಆಮೇಲೆ ಎದೆಬಡಿತ. ಆಮೇಲಿನದು ನೆನಪಿಲ್ಲ. ಮುಗಿಯಿತು ಅಂತ ಸಂಗೀತ ಹಾಕಿದಾಗಲೇ ಎಚ್ಚರ.

ಸಂಜೆ ಮನೆಗೆ ಬಂದರೆ ಅಮ್ಮ ನನ್ನ ಕೂದಲು ಮುಟ್ಟಿ ನೋಡಿದಳು. ಎರಡು ಸಲ ತೊಳೆದಿದ್ದರೂ ಕಿವಿಯ ಹಿಂದೆ ಉಪ್ಪು ಗರಿಗರಿ ಅಂಟಿತ್ತು. ಮಂಡಿನೋವಿಗೆ ಒಳ್ಳೇದಾ ಅಂತ ಮೆಲ್ಲಗೆ ಕೇಳಿದಳು. ಮೈ ಹಗುರಾಗುತ್ತೆ, ನೋಯಿಸಲ್ಲ, ಆದ್ರೆ ಬೆಳಿಗ್ಗೆ ಕಾಫಿ ಕುಡಿಯೋ ಹಾಗಿಲ್ಲ ಅಂದೆ.

"ಹಾಗಾದ್ರೆ ನನಗೆ ಬೇಡಮ್ಮ" ಅಂದು ಹರಳೆಣ್ಣೆ ಬಟ್ಟಲು ತಂದಳು.